ಅಟ್ಟದ ಮೇಲಿನ ಹದಿಮೂರು ಕಾಯಿ

ತಿಪಟೂರು
೧೨-೧೦-೨೦೦೮, ಭಾನುವಾರ

ಪ್ರೀತಿಯ ಶಬೀನಾ,

ಕ್ಷೇಮವೇ ಎಂದು ಕೇಳಲು ನನಗೆ ಬಾಯಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಕಳೆದ ವಾರ ನಿನ್ನ ಯಜಮಾನರು ಜುಲ್ಫಿಕರ್ ತೀರಿಹೋದ ನಲವತ್ತನೇ ದಿನಕ್ಕೆಂದು ಚಿಕ್ಕನಾಯಕನಹಳ್ಳಿಗೆ ಬಂದು ನಿನ್ನ ಮನೆಯಲ್ಲಿ ಊಟ ಮಾಡಿದೆನಲ್ಲ, ಸಾರಿಗೆ ಕಾಯಿ ಹಾಕಿರಲಿಲ್ಲ. ನಾನು ಕೇಳದಿದ್ದರೂ ನಿಮ್ಮತ್ತೆ ಹಸೀನಾ ಬೇಗಂ ಹೇಳಿದರು: "ಒಂದೂವರೆ ವರ್ಷ ಆಯ್ತು ಕಣಮ್ಮ ಈ ಮನೇಲಿ ಕಾಯಿ ಒಡೆದು. ನಿನ್ನ ಗೆಳತಿ ಹೊಸಲು ದಾಟಿಸಕ್ಕೂ ಬುಡಲ್ಲ." ಆಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ನೀನು ನನ್ನ ಸೆರಗು ಹಿಡಿದುಕೊಂಡೆ. "ಬರ್ತಾ ಕಾಯಿ ತಗೊಂಬನ್ನಿ ಅಂತ ಅವತ್ತು ಬೆಳಿಗ್ಗೆ ನಾನೇ ಫೋನ್ ಮಾಡಿದ್ದು ಕಣೇ ಕೋಮಲಾ. ನನ್ನ ನಾಲಿಗೇನೇ ಅವರನ್ನ ತಿಂತು" ಎಂದೆ.

ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ನಿನ್ನ ನಾಲಿಗೆಯಲ್ಲ ಶಬೀನಾ. ಆ ಕಾಯಿಗಳನ್ನು ಕಾರಿನಲ್ಲಿ ಇಟ್ಟವಳು ನಾನು.

ಹೋದ ವರ್ಷ ಏಪ್ರಿಲ್‌ನ ಆ ಮಧ್ಯಾಹ್ನ ಜುಲ್ಫಿಕರ್ ಓಡಿಸುತ್ತಿದ್ದ, ಕಾರು ಸಾಗಿಸುವ ಕಂಪನಿಯ ಲಾರಿ ನಮ್ಮ ಮನೆಯ ಮುಂದೆ ನಿಂತಿತು. ಆಗ ನೀವು ಶಿವಮೊಗ್ಗದಲ್ಲಿದ್ದಿರಿ. ತುಮಕೂರಿನಿಂದ ಅಲ್ಲಿಗೆ ಹೊರಟಾಗಲೆಲ್ಲ ಜುಲ್ಫಿಕರ್ ನಮ್ಮಲ್ಲಿ ಚಹಾಕ್ಕೆ ಇಳಿಯುವುದು ವಾಡಿಕೆ. ಲಾರಿಯ ಮೇಲೆ ಟಾರ್ಪಾಲು ಹೊದ್ದ ಒಂದೇ ಒಂದು ಕಾರು, ಹೊರದೇಶದ್ದು. "ಇದು ಬ್ಯಾರೆ ಥರದ್ದು ಕಣಕ್ಕ. ಗಟ್ಟಿ ತಗಡಿನ ಚಾವಣಿ, ಸ್ವಿಚ್ ಒತ್ತಿದ್ರೆ ಕೊಡೆ ಮಡಚ್ದಂಗೆ ಮಡಚ್ಕೊಂಡು ಹಿಂದಕ್ಕೋಯ್ತದೆ. ಇನ್ನೊಂದ್ಸಲ ಒತ್ತಿದ್ರೆ ಮನೆ ಮುಚ್ದಂಗೆ ಮುಚ್ಕೊತದೆ" ಎಂದರು. ನೋಡಲೇಬೇಕೆಂದು ನಾನು ಹಟ ಹಿಡಿದೆ. "ಕಾಲೇಜಲ್ಲಿ ಪದ್ಯ ಹೇಳ್ಕೊಡೋರ ಸಾವಾಸವೇ ಬ್ಯಾಡಪ್ಪ" ಎಂದು ನಕ್ಕು, ಟಾರ್ಪಾಲು ಸರಿಸಿ, ನನ್ನನ್ನು ಸೀಟಿನಲ್ಲಿ ಕೂರಿಸಿ ಸ್ವಿಚ್ ಒತ್ತಿದರು.

ನಲವತ್ತೇಳು ವರ್ಷ ಹೆಂಚಿನ ಕೆಳಗೆ, ತಾರಸಿಯ ಕೆಳಗೆ, ಕೊಡೆಯ ಕೆಳಗೆ ಕಳೆದವಳು ನಾನು. ತಲೆಯ ಮೇಲಿದ್ದದ್ದು ತಾನಾಗಿ ಎದ್ದು ಹೋಯಿತು. ತೆಂಗಿನ ಗರಿಗಳ ನಡುವೆ ಬಿಸಿಲು, ಅದರಾಚೆ ಬರೀ ನೀಲಿ. ಗದ್ದ ಎತ್ತಿ ಅದನ್ನೇ ನೋಡುತ್ತ ಕೂತೆ. ಚಾವಣಿ ಎಲ್ಲಿ ಹೋಗಿ ಕೂತಿತೆಂದು, ಅವರು ಮತ್ತೆ ಸ್ವಿಚ್ ಒತ್ತಿ ಅದನ್ನು ಮುಚ್ಚುವವರೆಗೆ, ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ಹೊರಡುವಾಗ ಎಂದಿನಂತೆ ನಿನಗೆಂದು ಹದಿನೈದು ಕಾಯಿ ತಂದಿಟ್ಟೆ. ಅವರು ಬೇಡವೆಂದರು. ಡೀಸೆಲ್ ಉಳಿಸಬೇಕು, ಹೊಗೆ ತಗ್ಗಿಸಬೇಕು ಎಂದು ಕಂಪನಿಯಲ್ಲಿ ಹೊಸ ನಿಯಮ ಬಂದಿತ್ತು. ಕಾಗದದಲ್ಲಿ ಬರೆಯದ ಯಾವ ತೂಕವೂ ಲಾರಿಯಲ್ಲಿ ಇರಕೂಡದು. ಶಿವಮೊಗ್ಗದ ಕಂಪನಿ ಗೇಟಿನಲ್ಲಿ ಲಾರಿಯ ಕ್ಯಾಬಿನ್ ತಡಕುತ್ತಾರಂತೆ. "ನನ್ನ ಊಟದ ಡಬ್ಬೀನೇ ತೂಗೋ ಜನ ಕಣಕ್ಕ. ಶಬೀನಾಗೆ ನಾನೇ ಹೇಳ್ಕೊತೀನಿ, ಬುಡಿ" ಎಂದರು.

ನನಗೆ ಅವಮಾನವಾಯಿತು. ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಮರಕ್ಕೆ ಮುನಿಸು ಎನ್ನುತ್ತಿದ್ದಳು ನಮ್ಮವ್ವ. ಅವರು ನಮಾಜಿಗೆಂದು ಮಸೀದಿಗೆ ಹೋದಾಗ ಕಾರಿನ ಕೀಲಿ ಚಹಾದ ಲೋಟದ ಪಕ್ಕದಲ್ಲೇ ಇತ್ತು. ಲಾರಿ ಹತ್ತಿ ಡಿಕ್ಕಿ ತೆರೆದೆ. ಒಳಗೆ ನಡುಮಟ್ಟದಲ್ಲಿ ಅಡ್ಡಲಾಗಿ ಗಟ್ಟಿಯಾದ ಒಂದು ಹೊದಿಕೆ. ಅದರ ಕೆಳಗೆ ಜಾಗ, ಮೇಲೆ ಜಾಗ. ಕೆಳಗಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಆದರೆ ನಮ್ಮ ಸೀಮೆಯವಳ ಕಣ್ಣಿಗೆ ಅದು ಅಟ್ಟದಂತೆ ಕಂಡಿತು. ಕಾಯಿ ಇಡುವುದು ಅಟ್ಟದ ಮೇಲೆ. ಹದಿನೈದನ್ನೂ ಚೀಲದಲ್ಲಿ ಹರಡಿದಂತೆ ಮೇಲೆ ಮಲಗಿಸಿ ಮುಚ್ಚಿದೆ. ರಾತ್ರಿ ಮನೆಗೆ ಬಂದು ಬೆಳಿಗ್ಗೆ ಕಾರು ಒಪ್ಪಿಸುವುದು ಅವರ ರೂಢಿ. ಅಷ್ಟರಲ್ಲಿ ನಿನಗೆ ಫೋನ್ ಮಾಡಿ ಗುಟ್ಟು ಹೇಳಿದರಾಯಿತು, ನಗಬಹುದು ಎಂದುಕೊಂಡೆ.

ಅಂದು ಕಾರಿನ ಮಾಲೀಕರು ಹೆಂಡತಿ ಮಕ್ಕಳೊಡನೆ ಗೇಟಿನಲ್ಲೇ ಕಾದಿದ್ದರು. ಸಂಜೆಯೇ ಕಾರು ಇಳಿಸಿಕೊಂಡು, ಎಲ್ಲರೂ ನೋಡುತ್ತಿರುವಾಗ ಸ್ವಿಚ್ ಒತ್ತಿದರು. ಚಾವಣಿ ಮಡಚಿ ಬಂದು ಕೂರುವ ಜಾಗವೇ ನನ್ನ ಆ ಅಟ್ಟ. ಹಿಂದಿನ ಗಾಜು ಪುಡಿಯಾಯಿತು, ಕೀಲುಗಳು ತಿರುಚಿದವು.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕೆಲಸ ಹೋಯಿತು. ಹನ್ನೊಂದು ವರ್ಷ ಒಂದು ಗೀರು ಬೀಳಿಸದೆ ಕಾರು ಹೊತ್ತವರನ್ನು ಬೇರೆ ಯಾವ ಕಂಪನಿಯೂ ಸೇರಿಸಲಿಲ್ಲ. ನೀವು ಊರಿಗೆ ಮರಳಿದಿರಿ, ಅವರು ಅದಿರು ಲಾರಿ ಹತ್ತಿದರು. ಕಂದಿಕೆರೆಯ ಹತ್ತಿರ ಆ ಲಾರಿ ಮಗುಚಿತು. ವಿಚಾರಣೆಯಲ್ಲಿ ಅವರು "ಕಾಯಿ ನಾನೇ ಇಟ್ಟೆ" ಎಂದರಂತೆ. ಯಾಕೆ ಹಾಗೆ ಹೇಳಿದರೋ ನನಗೆ ತಿಳಿಯದು.

ಇನ್ನೊಂದು ಹೇಳಬೇಕು. ಈ ಜೂನಿನಲ್ಲಿ ಪರಿಸರ ದಿನದ ಭಾಷಣಕ್ಕೆ ನಮ್ಮ ಕಾಲೇಜಿಗೆ ಅದೇ ಕಂಪನಿಯ ಮ್ಯಾನೇಜರ್ ಸದಾಶಿವಯ್ಯ ಬಂದಿದ್ದರು. ಕಾರುಗಳನ್ನು ಈಗ ರೈಲಿನಲ್ಲಿ ಕಳಿಸುತ್ತಾರಂತೆ. ಒಂದು ರೈಲು ಎಷ್ಟೋ ಲಾರಿಗಳ ಹೊಗೆ ಉಳಿಸುತ್ತದಂತೆ. ಅದು ಸುಳ್ಳಲ್ಲ, ಒಳ್ಳೆಯದೇ. ಆಮೇಲೆ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು, ಗಾಜು ಒಡೆದ ಆ ಕಾರು. "ಲಾರಿ ಡ್ರೈವರ್‌ಗಳನ್ನ ನಂಬಿದ್ರೆ ಹಿಂಗೆ ಕಣ್ರಪ್ಪ, ತೆಂಗಿನಕಾಯಿ ಸಾಗಿಸ್ತಾರೆ!" ಮಕ್ಕಳೆಲ್ಲ ನಕ್ಕರು. ಪ್ರಿನ್ಸಿಪಾಲಳಾಗಿ ಎದ್ದು ವಂದನೆ ಹೇಳಿದವಳು ನಾನೇ. ಆಗ ಜುಲ್ಫಿಕರ್ ಇನ್ನೂ ಬದುಕಿದ್ದರು. ಅದೇ ಹೊತ್ತಿನಲ್ಲಿ ಎಲ್ಲೋ ಕರೀ ಹೊಗೆ ಉಗುಳುವ ಲಾರಿಯಲ್ಲಿ ಮಣ್ಣು ಹೊರುತ್ತಿದ್ದರು.

ಮುಚ್ಚಿದ ಡಬ್ಬಿಗಳ ಆ ರೈಲು ನಮ್ಮ ಸ್ಟೇಷನ್ ದಾಟುವ ಸದ್ದು ಮನೆಗೆ ಕೇಳುತ್ತದೆ. ಓದುತ್ತಿದ್ದ ಪುಸ್ತಕ ಮುಚ್ಚಿ, ಕೊನೆಯ ಡಬ್ಬಿ ಹೋಗುವವರೆಗೆ ಕೂತಿರುತ್ತೇನೆ.

ನನ್ನನ್ನು ಕ್ಷಮಿಸೆಂದು ಬೇಡುವುದಿಲ್ಲ. ನೀನು ಸಾರಿಗೆ ಕಾಯಿ ಹಾಕು. ಅಷ್ಟು ಸಾಕು.

ನಿನ್ನ ಮನೆಯ ಹೊಸಲಾಚೆ ನಿಂತಿರುವ,
ಕೋಮಲಾ

ಮರೆತದ್ದಲ್ಲ, ಬಚ್ಚಿಟ್ಟದ್ದು: ತಿಳಿಯದು ಎಂದು ಮೇಲೆ ಬರೆದದ್ದು ಸುಳ್ಳು. ವಿಚಾರಣೆಯ ಹಿಂದಿನ ದಿನ ಜುಲ್ಫಿಕರ್ ಆ ಕಾಯಿಗಳ ಚೀಲ ಹೊತ್ತು ನಮ್ಮ ಮನೆಗೆ ಬಂದಿದ್ದರು. ನಮ್ಮ ಚೀಲ, ನಮ್ಮವ್ವ ಹೊಲಿದ ಬಾಯಿ, ಗುರುತು ಹಿಡಿದಿದ್ದರು. ಬೈಯಲಿಲ್ಲ. "ನೀವೇ ಇಟ್ಟಿದ್ದು ಅಂತ ಒಂದು ಕಾಗದ ಬರ್ಕೊಡಿ ಅಕ್ಕ, ನನ್ನ ಕೆಲಸ ಉಳಿತದೆ" ಎಂದರು. ಪ್ರಿನ್ಸಿಪಾಲರ ಹುದ್ದೆಗೆ ನನ್ನ ಹೆಸರು ಹೋಗಿದ್ದ ವಾರ ಅದು. ನಾಳೆ ಬರೆದು ಕಳಿಸುತ್ತೇನೆ ಎಂದೆ. ಅವರು ನನ್ನ ಮುಖ ನೋಡಿದರು. "ಆಯ್ತು ಬುಡಿ ಅಕ್ಕ" ಎಂದು, ಒಡೆದ ಎರಡನ್ನು ತೆಗೆದು ಉಳಿದ ಹದಿಮೂರನ್ನು ತಾವೇ ಏಣಿ ಹತ್ತಿ ನಮ್ಮ ಅಟ್ಟದ ಮೇಲಿಟ್ಟು ಹೋದರು. ಅವು ಈಗ ಕೊಬ್ಬರಿಯಾಗಿವೆ. ಅಲ್ಲಾಡಿಸಿದರೆ ಒಳಗೆ ಬಡಿಯುತ್ತವೆ. ಅವರು ಕೇಳಿದ ಕಾಗದ ಇದರೊಂದಿಗೆ ಇದೆ, ಕಂಪನಿಯ ಹೆಸರಿಗೆ, ನನ್ನ ಸಹಿಯೊಂದಿಗೆ. ಅಂದಿನ ತಾರೀಕು ಹಾಕಲು ಹೊರಟೆ, ಕೈ ಬರಲಿಲ್ಲ. ಇವತ್ತಿನದೇ ಹಾಕಿದ್ದೇನೆ.