ಹುಲ್ಲಿನ ನಂತರ ಬಂದದ್ದು

ಅಪ್ಪಾ,

ಇದನ್ನು ನೀವು ಓದುವುದಿಲ್ಲ, ಆದರೂ ಬೈಯದೆ ಇರಲಾರೆ. ಸಿದ್ಧಾರ್ಥನಗರದ ನಮ್ಮ ಖಾಲಿ ಸೈಟು ನಿಮ್ಮಿಂದಾಗಿ ಕಾಡಾಗಿದೆ. "ಮೊದಲು ಹುಲ್ಲು, ಆಮೇಲೆ ಪೊದೆ, ಆಮೇಲೆ ಮರ. ನಾವು ಸುಮ್ನಿದ್ರೆ ಸಾಕು ಕಣಮ್ಮ," ಎಂದು ನಿವೃತ್ತರಾದ ಮೇಲೂ ಭೂಗೋಳ ಪಾಠ ಮಾಡುತ್ತಿದ್ದಿರಿ. ನೀವು ಹೋದಮೇಲೆ ಪಕ್ಕದ ಮನೆಯ ಮಾದೇವಮ್ಮನ ದೂರು ಕೇಳುವುದು ನನ್ನ ಪಾಲಾಯಿತು. "ಹಾವು ಬತ್ತವೆ, ಕ್ಲೀನ್ ಮಾಡ್ಸವ್ವ!"

ಇವತ್ತು ಸಾಕಾಗಿ ಜೆಸಿಬಿ ಕರೆಸಿದೆ. ಅರ್ಧ ಲಂಟಾನ ಕಿತ್ತ ಮೇಲೆ ತಂಗಡಿ ಗಿಡದ ಬುಡದಲ್ಲಿ ಮೊಣಕಾಲೆತ್ತರದ ಶ್ರೀಗಂಧದ ಸಸಿ ಕಾಣಿಸಿತು. ಯಾರೂ ನೆಟ್ಟದ್ದಲ್ಲ, ಯಾವುದೋ ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿರಬೇಕು. ಓಡಿಹೋಗಿ ಜೆಸಿಬಿಗೆ ಅಡ್ಡ ನಿಂತೆ. ಡ್ರೈವರ್ ಗೊಣಗಿದ. ತಂಗಡಿಯನ್ನಾದರೂ ಕೀಳಿಸು ಎಂದು ಮಾದೇವಮ್ಮ ಹಟ ಹಿಡಿದರು. ಅದರ ಬೇರಿನ ಸಾರ ಹೀರಿಯೇ ಗಂಧ ಬದುಕುವುದು ಎಂದು ನೀವು ಹೇಳುತ್ತಿದ್ದುದನ್ನೇ ಹೇಳಿ ನಡುರಸ್ತೆಯಲ್ಲಿ ಗಂಟಲು ಹರಿದುಕೊಂಡೆ.

"ನಿಮ್ಮಪ್ಪನ್ ಥರಾನೇ ಆಡ್ತೀಯಲ್ಲ!" ಎಂದು ಅವರು ಬಾಗಿಲು ಹಾಕಿಕೊಂಡರು.

ನೀವು ಎಷ್ಟು ಕರೆದರೂ ನಾನು ಆ ಸೈಟಿನೊಳಗೆ ಕಾಲಿಟ್ಟವಳಲ್ಲ. ಈಗ ದಿನಾ ಹೋಗಿ ನೀರು ಹಾಕಬೇಕು. ಗಂಧದ ಪಕ್ಕದಲ್ಲಿ ಇನ್ನೊಂದು ಸಸಿಯೂ ಎದ್ದಿದೆ. ಅದು ಯಾವ ಮರದ್ದೋ ನನಗೆ ಗೊತ್ತಾಗುತ್ತಿಲ್ಲ. ಯಾರನ್ನು ಕೇಳಲಿ, ನೀವೇ ಹೇಳಿ.

ಗೌತಮಿ