ನಿದ್ದೆಯಲ್ಲಿ ತಿರುಗುವ ಕೈ

ಅಪ್ಪಾ,

ನೀನು ಸತ್ತು ಎರಡು ವರ್ಷವಾಯಿತು, ಯಾವ ಅಂಚೆಯವನೂ ಇದನ್ನು ನಿನಗೆ ತಲುಪಿಸುವುದಿಲ್ಲ. ಆದರೂ ಕೇಳು. ಇವತ್ತು ನೀನು ದುಡಿದ, ಈಗ ನಾನು ಬೋಲ್ಟ್ ಬಿಗಿಯುವ ಡೆಟ್ರಾಯಿಟ್ ಕಾರು ಕಾರ್ಖಾನೆಯಲ್ಲಿ ಕಾರುಗಳನ್ನು ಸಾಗಿಸುವ ಬೆಲ್ಟ್ ನಿಲ್ಲಿಸಿದೆವು. ಮುಷ್ಕರ ಹೂಡಿ ಹೊರಗೆ ಹೋಗಲಿಲ್ಲ, ಒಳಗೇ ಕೂತೆವು. ಹೊರಗೆ ಹೋದರೆ ನಮ್ಮ ಜಾಗಕ್ಕೆ ಬೇರೆಯವರನ್ನು ತುಂಬುತ್ತಾರೆ.

"ಈಗ್ಲೇ ಹೊರಗ್ ಬಂದೋರಿಗೆ ಕೆಲ್ಸ ಉಳಿಯುತ್ತೆ, ಮಿಕ್ಕೋರು ಭಿಕ್ಷೆ ಬೇಡ್ರಿ!" ಎಂದು ಫೋರ್‌ಮನ್ ಗೇಟಿನಾಚೆಯಿಂದ ಕೂಗಿದ. ಹೋಗಿಬಿಡಲೇ ಅಂದುಕೊಳ್ಳುತ್ತಲೇ ಚಕ್ರವಿಲ್ಲದ ಕಾರೊಂದರ ಸೀಟಿನಲ್ಲಿ ಒರಗಿದೆ. ಯಂತ್ರಗಳ ಸದ್ದೇ ಇಲ್ಲ, ಹಿಮ ಬೀಳುವುದೂ ಕೇಳಿಸುವಂತಿತ್ತು. ಕಾರು ಮೆಲ್ಲಗೆ ಮೇಲೆದ್ದು, ಗೋಡೆ ದಾಟಿ, ಬೆಳ್ಳಗಿನ ಹೊಲಗಳ ಮೇಲೆ ತೇಲಿತು.

"ಲೋ ಬೊಲೆಕ್, ನಿದ್ದೇಲೂ ಬೋಲ್ಟ್ ತಿರುಗಿಸ್ತಿದೀಯಲ್ಲೋ! ಯಾರಪ್ಪನ ಕಾರಿಗೋ?" ಪಕ್ಕದ ಸೀಟಿನ ಮುದುಕ ಕ್ಲೆಟಸ್ ಬಿದ್ದು ಬಿದ್ದು ನಗುತ್ತಿದ್ದ.

ಕಣ್ಣು ಬಿಟ್ಟೆ. ನನ್ನ ಬಲಗೈ ಗಾಳಿಯಲ್ಲಿ ತಿರುಗುತ್ತಲೇ ಇತ್ತು.

ಊಟದ ಮೇಜಿನ ಮುಂದೆ ನಿನ್ನ ಕೈಯೂ ಹೀಗೇ ತಿರುಗುತ್ತಿತ್ತು, ಚಮಚದ ಸೂಪು ಚೆಲ್ಲುತ್ತಿತ್ತು. ನಾನು ಅದನ್ನು ಅಣಕಿಸಿ ತಂಗಿಯರನ್ನು ನಗಿಸುತ್ತಿದ್ದೆ. ನೀನೂ ನಗುತ್ತಿದ್ದೆ. ಯಾಕೆ ನಗುತ್ತಿದ್ದೆ? ಆ ಕೈಯಲ್ಲೇ ನನ್ನ ಕಪಾಳಕ್ಕೊಂದು ಬಾರಿಸಬೇಕಿತ್ತು.

ಫೋರ್‌ಮನ್ ಇನ್ನೂ ಕೂಗುತ್ತಿದ್ದಾನೆ. ನಾನು ಹೊರಗೆ ಹೋಗುವುದಿಲ್ಲ.