ಮಗು ಸುಮ್ಮನಾದರೆ ಯಾವ ದಿನ ಬರಬೇಕು?

ಸರ್ಕಾರಿ ಹೆರಿಗೆ ಆಸ್ಪತ್ರೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೊಟ್ಟೆಯಲ್ಲಿ ಮಗು ಮೊದಲಿನಂತೆ ಅಲುಗಾಡುತ್ತಿಲ್ಲ ಎಂದು ಹೇಳಿಕೊಂಡು ಬಂದ ಇಬ್ಬರು ಗರ್ಭಿಣಿಯರಿಗೆ, ಕಳೆದ ತಿಂಗಳ ಒಂದು ಸೋಮವಾರ, ತಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಬುಧವಾರ ಬರಲು ಹೇಳಲಾಯಿತು. ಅವರಲ್ಲಿ ಒಬ್ಬಳು ನಾನು. ದೂರು ಇಷ್ಟೇ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ತಾವು ಇಲ್ಲಿಗೇ ನಿಲ್ಲಿಸಬಹುದು. ನನಗೂ ಬರೆಯುವ ತ್ರಾಣ ಹೆಚ್ಚಿಲ್ಲ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಏನೇನಾಗುತ್ತದೆ ಎಂದು ತಿಳಿಸುವ ತಮ್ಮ ಕಿರುಪುಸ್ತಕ ನನ್ನ ಮೇಜಿಗೆ ಬಂದಾಗ ನನಗೆ ಐದು ತಿಂಗಳು. ಹಾಗಾಗಿ ಪ್ರತಿ ಅಕ್ಷರವನ್ನೂ ಎರಡೆರಡು ಸಲ ಓದಿದೆ. ಕಾಲು ಊದುತ್ತದೆ ಎಂದಿತ್ತು, ಊದಿತು. ಮಗ್ಗುಲು ಬದಲಿಸಲು ಕಷ್ಟವಾಗುತ್ತದೆ ಎಂದಿತ್ತು, ಆಯಿತು. ಎದೆಯುರಿ, ಬೆನ್ನುನೋವು, ಏಳು ಮೆಟ್ಟಿಲು ಹತ್ತಿದರೆ ಏದುಸಿರು, ಎಲ್ಲವೂ ಹೇಳಿದ ಸಮಯಕ್ಕೆ ಸರಿಯಾಗಿ ಬಂದವು. ಸರ್ಕಾರ ಹೇಳಿದ್ದು ಇಷ್ಟು ಕರಾರುವಾಕ್ಕಾಗಿ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಹದಿನಾಲ್ಕನೆಯ ಪುಟದಲ್ಲಿ, ಮಗುವಿನ ಚಲನೆಯನ್ನು ದಿನವೂ ಗಮನಿಸಿ, ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದಿತ್ತು. 'ತಕ್ಷಣ' ಎಂಬಲ್ಲಿ ಅಕ್ಷರ ತಪ್ಪಿತ್ತು, ತಿದ್ದಿದೆ. ಆ ಮಾತಿಗೆ ತಮ್ಮ ಕಟ್ಟಡದಲ್ಲಿ ಬೇರೆ ಅರ್ಥವಿದೆಯೆಂದು ನನಗೆ ಯಾರು ಹೇಳಬೇಕಿತ್ತು?

ಎಂಟು ತಿಂಗಳು ತುಂಬಿ ವಾರವಾಗಿತ್ತು. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿದರೆ ಸಾಕು, ಒಳಗೆ ಒದೆತ ಶುರುವಾಗುತ್ತಿತ್ತು. ಆ ಸೋಮವಾರ ಎರಡು ಗಂಟೆ ಮಲಗಿದ್ದರೂ ಮೂರೇ ಸಲ, ಅದೂ ಯಾರೋ ನಿದ್ದೆಗಣ್ಣಿನಲ್ಲಿ ಬಾಗಿಲು ತಟ್ಟಿದ ಹಾಗೆ. ಗಂಡ ಲಾರಿ ಓಡಿಸುತ್ತಾರೆ, ಊರಲ್ಲಿರಲಿಲ್ಲ. ನಾಲ್ಕು ಹೆತ್ತ ನನ್ನ ಅತ್ತೆ, ಕೊನೆಕೊನೆಗೆ ಅದಕ್ಕೆ ಜಾಗ ಸಾಲುವುದಿಲ್ಲ, ಸುಮ್ಮನಾಗುತ್ತದೆ ಎಂದರು. ನಾನು ಹದಿನಾಲ್ಕನೆಯ ಪುಟ ಓದಿ ಹೇಳಿದೆ. ಅತ್ತೆ ಚಪ್ಪಲಿ ಮೆಟ್ಟಿದರು. "ಅಷ್ಟು ಓದಿದೋರು ಸುಮ್ಮನೆ ಬರೆದಿರಲ್ಲ, ನಡಿಯಮ್ಮ," ಎಂದರು. ಮಾನ್ಯರೇ, ತಮ್ಮ ಮಾತನ್ನು ನಂಬಿ ನನ್ನ ಅತ್ತೆ ಸ್ವಂತ ಅನುಭವವನ್ನು ಬದಿಗಿಟ್ಟರು. ಅವರು ಹಾಗೆಲ್ಲ ಮಾಡುವವರಲ್ಲ.

ಸಾಲಿನಲ್ಲಿ ನನ್ನ ಮುಂದೆ ಹಸಿರು ಶಾಲು ಹೊದ್ದ ಒಬ್ಬ ಹುಡುಗಿ ಇದ್ದಳು. ನಿನ್ನೆಯಿಂದ ಮಗುವಿನ ಸದ್ದೇ ಇಲ್ಲ ಎಂದು ಅವಳು ಮೆಲ್ಲಗೆ ಹೇಳುವುದು ಕೇಳಿಸಿತು. ಗುಮಾಸ್ತರು ಕಾರ್ಡು ನೋಡಿ, ನಿನ್ನ ತಪಾಸಣೆ ಇರುವುದು ಬುಧವಾರ, ಅವತ್ತೇ ಬಾ ಎಂದರು. ಅವಳು ಆಯ್ತು ಸರ್ ಎಂದು ಹೊರಟಳು. ನನ್ನ ಸರದಿ ಬಂತು.

"ನೋವಿದೆಯಾ?"

"ಇಲ್ಲ."

"ರಕ್ತ ಹೋಗ್ತಿದೆಯಾ? ನೀರು ಒಡೆದಿದೆಯಾ?"

"ಇಲ್ಲ ಸರ್. ಮಗು ಅಲುಗಾಡ್ತಿಲ್ಲ."

"ಮತ್ತೆ ಇವತ್ತು ಯಾಕಮ್ಮ ಬಂದ್ರಿ? ಬುಧವಾರ ಬನ್ನಿ."

ಅವರ ಮುಂದೆ ಒಂದು ಹಾಳೆ ಅಂಟಿಸಿತ್ತು. ಅದರಲ್ಲಿ ಮೂರೇ ಪ್ರಶ್ನೆಗಳು. ನನ್ನ ಹಿಂದೆ ಇನ್ನೂ ನಲವತ್ತು ಮಂದಿ. ಅವರನ್ನು ನಾನು ದೂರುವುದಿಲ್ಲ. ಆ ಹಾಳೆ ಬರೆದವರು ಯಾರು? ಪುಸ್ತಕ ಬರೆದವರು ಯಾರು? ಇಬ್ಬರೂ ಒಂದೇ ಇಲಾಖೆಯವರು ತಾನೆ? ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ನಡುವೆ ಬಸುರಿ ಹೆಂಗಸು ಯಾವ ಕಡೆ ಹೋಗಬೇಕು?

ನಾನು ಹಟ ಹಿಡಿದು ಉಳಿದೆ ಎಂದು ತಿಳಿಯಬೇಡಿ. ಬಸ್ ನಿಲ್ದಾಣದವರೆಗೆ ನಡೆಯಲು ಕಾಲಿನಲ್ಲಿ ತ್ರಾಣವಿರಲಿಲ್ಲ, ಅಷ್ಟೇ. ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನೆಲ ಒರೆಸುತ್ತಿದ್ದ ಹೆಂಗಸು ದಾರಿ ಬಿಡಿ ಎನ್ನಲು ಬಂದವರು, ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಅತ್ತೆ ಹೇಳಿದರು. ಆಕೆ ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಲಿಫ್ಟು ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ, ಒಬ್ಬ ನರ್ಸನ್ನು ಕರೆತಂದರು. ನರ್ಸ್ ಅಲ್ಲೇ ಪಕ್ಕದ ಉಗ್ರಾಣದ ಕೋಣೆಯಲ್ಲಿ ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ಯಂತ್ರವಿಟ್ಟು ಮಗುವಿನ ಎದೆಬಡಿತ ಆಲಿಸಿದರು. ಹೊರಗೆ ಹೋಗಿ ಸ್ಟ್ರೆಚರ್ ಎಂದು ಕೂಗಿದರು. ಮುಕ್ಕಾಲು ಗಂಟೆಯೊಳಗೆ ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿದಿತ್ತಂತೆ. ಎರಡು ಕಿಲೋ ನೂರು ಗ್ರಾಂ. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಈಗ ಮನೆಗೆ ಬಂದಿದ್ದಾಳೆ. ತಮ್ಮ ವೈದ್ಯರ ಕೈಗುಣಕ್ಕೆ ನಾನು ಋಣಿ. ಅದನ್ನು ಮರೆತು ಬರೆಯುತ್ತಿಲ್ಲ.

ಗುರುವಾರ ನನ್ನ ಪಕ್ಕದ ಹಾಸಿಗೆಗೆ ಹಸಿರು ಶಾಲಿನ ಹುಡುಗಿಯನ್ನು ತಂದು ಮಲಗಿಸಿದರು. ಅವಳ ಮಗು ತೊಟ್ಟಿಲಿನಲ್ಲೂ ಇರಲಿಲ್ಲ, ಗಾಜಿನ ಪೆಟ್ಟಿಗೆಯಲ್ಲೂ ಇರಲಿಲ್ಲ. ಸೋಮವಾರವೇ ನೋಡಿದ್ದರೆ ಆ ಮಗು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ನೋಡಲಿಲ್ಲ. ಅವಳು ಅಳಲಿಲ್ಲ. ಸಂಜೆ ನನ್ನ ಕಡೆ ತಿರುಗಿ ಮಲಗಿ ಕೇಳಿದಳು: "ಅಕ್ಕ, ನಾನು ಅವರು ಹೇಳಿದ ದಿನಾನೇ ಬಂದೆ ಅಲ್ವಾ?"

ಹೌದು ಎಂದೆ.

ಮಾನ್ಯರೇ, ತನಿಖಾ ಸಮಿತಿ ಬೇಡ. ಅದರ ವರದಿ ಬರುವಷ್ಟರಲ್ಲಿ ನನ್ನ ಮಗಳು ಶಾಲೆಗೆ ಸೇರಿರುತ್ತಾಳೆ. ಆ ಹಾಳೆಯಲ್ಲಿ ನಾಲ್ಕನೆಯ ಪ್ರಶ್ನೆ ಬರೆಸಿ: ಮಗು ಅಲುಗಾಡುತ್ತಿದೆಯೇ? ಇಲ್ಲ ಎಂದವಳಿಗೆ ಕಾರ್ಡು, ವಾರ, ಸರದಿ ಏನನ್ನೂ ಕೇಳದೆ ಎದೆಬಡಿತ ನೋಡಲು ನೆಲಮಹಡಿಯಲ್ಲೇ ಒಬ್ಬ ನರ್ಸನ್ನು ಕೂರಿಸಿ. ಇನ್ನೊಂದು ಕೆಲಸವಿದೆ, ಅದನ್ನು ತಾವೇ ಮಾಡಬೇಕು. ಆ ಹುಡುಗಿಯ ವಿಳಾಸ ತಮ್ಮ ದಾಖಲೆಯಲ್ಲಿದೆ. ಅವಳಿಗೊಂದು ಕಾಗದ ಬರೆಯಿರಿ. ತಪ್ಪು ನಿನ್ನದಲ್ಲಮ್ಮ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿ. ನಾನು ಹೇಳಿದೆ, ಅವಳು ನಂಬಲಿಲ್ಲ.

ಇಂತಿ,
ಧೈರ್ಯದಿಂದಲ್ಲ, ಬರಿಯ ದಣಿವಿನಿಂದ ಮಗಳನ್ನು ಉಳಿಸಿಕೊಂಡ
ಒಬ್ಬ ತಾಯಿ